ಚಿಕ್ಕ ಚಕ್ರದ ಟ್ಯೂಬು: ಮುಳ್ಳಿಗಿಂತ ರಿಮ್ಮಿನ ಕಾಟವೇ ಹೆಚ್ಚು

‘ಕಳೆ ತೆಗೆಯುವ ವೀಡರಿಗೆ ಒಂದು ಟ್ಯೂಬ್ ಕೊಡಿ’ ಎಂದರೆ ಅಂಗಡಿಯವರು ಮೊದಲು ಕೇಳುವುದು ‘ನಂಬರ್ ಎಷ್ಟು?’ ಅಂತ. ಯಂತ್ರದ ಕಂಪನಿ, ಮಾಡೆಲ್ಲು ಹೇಳಿ ಉಪಯೋಗವಿಲ್ಲ. ಟೈರಿನ ಪಕ್ಕಕ್ಕೆ ಮೆತ್ತಿದ ಮಣ್ಣು ಒರೆಸಿ ಅಲ್ಲಿರುವ ಅಂಕಿಯನ್ನು ಬರೆದುಕೊಂಡು ಹೋಗಬೇಕು. ಹಳೇ ಟ್ಯೂಬನ್ನು ಕೈಯಲ್ಲಿ ಹಿಡಿದು ಹೋಗಿ ‘ಇಂಥದ್ದೇ ಕೊಡಿ’ ಅನ್ನುವುದೂ ಬೇಡ. ಕೆಲಸ ಮಾಡಿದ ಟ್ಯೂಬು ಹಿಗ್ಗಿರುತ್ತದೆ, ಅಳತೆಗೆ ಅದು ಸುಳ್ಳು ಸಾಕ್ಷಿ.

ಅಂಕಿ ಎರಡು ತರಹ ಇರುತ್ತದೆ. 4.00-8 ಎಂದಿದ್ದರೆ ಟೈರಿನ ಅಗಲ ನಾಲ್ಕು ಇಂಚು, ರಿಮ್ಮಿನ ವ್ಯಾಸ ಎಂಟು ಇಂಚು. ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ 13×5.00-6 ಎಂಬಂತೆ ಮೂರು ಅಂಕಿ ಕಾಣುತ್ತವೆ. ಅದರಲ್ಲಿ ಮೊದಲಿನದು ಟೈರಿನ ಹೊರಗಿನ ಎತ್ತರ, ನಡುವಿನದು ಅಗಲ, ಕೊನೆಯದು ರಿಮ್ಮು. ಕೊನೆಯ ಅಂಕಿಯಲ್ಲಿ ರಾಜಿ ಇಲ್ಲ. ಅಗಲದಲ್ಲಿ ಮಾತ್ರ ಸ್ವಲ್ಪ ಸಡಿಲಿಕೆ ಇದೆ, ಅದೂ ಟ್ಯೂಬಿನ ಮೇಲೆ 3.50/4.00-8 ಎಂದು ಎರಡೂ ಅಳತೆ ಅಚ್ಚಾಗಿದ್ದರೆ. ಟ್ಯೂಬು ದೊಡ್ಡದಾದರೆ ಒಳಗೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ಗೆರೆಯಲ್ಲೇ ಕೆಲವು ತಿಂಗಳಿಗೆ ಸೀಳುತ್ತದೆ. ಚಿಕ್ಕದಾದರೆ ರಬ್ಬರು ಎಳೆದು ಎಳೆದು ತೆಳ್ಳಗಾಗಿ, ಸಣ್ಣ ಕಡ್ಡಿ ಚುಚ್ಚಿದರೂ ತೂತು.

ನಮ್ಮ ಕಡೆ ಒಂದು ಅನುಕೂಲವಿದೆ. ಬಹಳಷ್ಟು ಆಟೋರಿಕ್ಷಾಗಳ ಟೈರು 4.00-8, ಅನೇಕ ವೀಡರುಗಳದ್ದೂ ಮಣ್ಣು ಹೊರುವ ಕೈಗಾಡಿಗಳದ್ದೂ ಅದೇ. ಹಾಗಾಗಿ ಯಾವ ಹೋಬಳಿಯ ಪಂಚರ್ ಅಂಗಡಿಯಲ್ಲೂ ಟ್ಯೂಬು ಸಿಗುತ್ತದೆ. ಹಳೇ ಚೇತಕ್ ಸ್ಕೂಟರಿನದು 3.50-10. ಪವರ್ ಟಿಲ್ಲರಿಗೆ ಸಾಮಾನ್ಯವಾಗಿ 6.00-12. ಆದರೆ ಅಂಕಿ ಕೂಡಿಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ವಾಲ್ವ್ ನೋಡಬೇಕು.

ವಾಲ್ವಿನ ವಿಷಯದಲ್ಲೇ ಜನ ಎಡವುವುದು. ನೆಟ್ಟಗಿನ ರಬ್ಬರ್ ಕಾಂಡದ ವಾಲ್ವಿನ ನಂಬರು ಟಿಆರ್ 13. ಅದಕ್ಕೆ ರಿಮ್ಮಿನ ತೂತು 11.5 ಮಿಲಿಮೀಟರ್ ಇರಬೇಕು. ಟಿಆರ್ 15 ಎಂಬ ದಪ್ಪ ಕಾಂಡದ್ದಕ್ಕೆ 16 ಮಿಲಿಮೀಟರ್. ದಪ್ಪ ವಾಲ್ವು ಸಣ್ಣ ತೂತಿಗೆ ಹೋಗುವುದೇ ಇಲ್ಲ ಎಂದು ಗೊತ್ತಾಗಿ ವಾಪಸ್ ಕೊಡುತ್ತೇವೆ. ಅಪಾಯ ಇರುವುದು ತಿರುಗಾಮುರುಗಾ ಆದಾಗ. ಸಣ್ಣ ವಾಲ್ವು ದೊಡ್ಡ ತೂತಿನಲ್ಲಿ ಆರಾಮಾಗಿ ಕೂತುಬಿಡುತ್ತದೆ, ಆಮೇಲೆ ಅಲ್ಲಾಡಿ ಅಲ್ಲಾಡಿ ಬುಡದಲ್ಲಿ ಹರಿಯುತ್ತದೆ. ಇನ್ನು ಬಾಗಿದ ಲೋಹದ ವಾಲ್ವು. ಕೈಗಾಡಿಯ ಚಕ್ರದಲ್ಲಿ ನೆಟ್ಟಗಿನ ವಾಲ್ವು ಹಾಕಿದರೆ ಅದರ ತುದಿ ನೇರ ಚಕ್ರದ ನಡುವಿನ ಹಬ್ಬಿನತ್ತ (ಹಬ್) ಮುಖ ಮಾಡಿ, ಪಂಪಿನ ಮೂತಿ ಹಿಡಿಸಲು ಜಾಗವೇ ಉಳಿಯುವುದಿಲ್ಲ. ಅಲ್ಲಿಗೆ ಬಾಗಿದ್ದೇ ಬೇಕು, ಬಾಗು ಹೊರಮುಖವಾಗಿರಬೇಕು. ಆಟೋ ಟ್ಯೂಬು ಕೊಳ್ಳುವಾಗ ಇದನ್ನು ಕೇಳಿ ತನ್ನಿ.

ರಬ್ಬರಿನಲ್ಲೂ ಎರಡು ಜಾತಿ. ಬ್ಯುಟೈಲ್ ಎಂಬ ಕೃತಕ ರಬ್ಬರಿನ ಟ್ಯೂಬು ಗಾಳಿಯನ್ನು ತಿಂಗಳುಗಟ್ಟಲೆ ಹಿಡಿಯುತ್ತದೆ. ನ್ಯಾಚುರಲ್ ರಬ್ಬರಿನದು ಬೇಗ ಇಳಿಯುತ್ತದೆ, ಆದರೆ ಪ್ಯಾಚು ಚೆನ್ನಾಗಿ ಅಂಟುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಯಂತ್ರಕ್ಕೆ ಬ್ಯುಟೈಲೇ ಸರಿ.

ಈಗ ಬಿಚ್ಚುವ ಕೆಲಸ. ವೀಡರ್, ಟಿಲ್ಲರ್, ಕೈಗಾಡಿಗಳ ರಿಮ್ಮು ಬಹಳಷ್ಟು ಎರಡು ತಟ್ಟೆಗಳನ್ನು ಬೋಲ್ಟಿನಿಂದ ಜೋಡಿಸಿದ್ದು. ಚಕ್ರವನ್ನು ಹಬ್ಬಿಗೆ ಕಟ್ಟಿದ ನಟ್ಟುಗಳೇ ಬೇರೆ, ಎರಡು ತಟ್ಟೆಗಳನ್ನು ಸೇರಿಸಿದ ನಟ್ಟುಗಳೇ ಬೇರೆ. ಗಾಳಿ ತುಂಬಿದ ಚಕ್ರದಲ್ಲಿ ಎರಡನೆಯದಕ್ಕೆ ಸ್ಪ್ಯಾನರ್ ಹಾಕಿದರೆ ತಟ್ಟೆ ಚಿಮ್ಮಿ ಮುಖಕ್ಕೇ ಬಡಿಯುತ್ತದೆ. ಆದ್ದರಿಂದ ಮೊದಲು ವಾಲ್ವಿನ ಪಿನ್ನನ್ನೇ ಹೊರಗೆ ತೆಗೆದು, ಟೈರನ್ನು ಕಾಲಲ್ಲಿ ತುಳಿದು ಗಾಳಿ ಪೂರ್ತಿ ಹೋಗಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದಿನ ಮಾತು. ‘ಪಂಚರ್ ಆಗಿದೆಯಲ್ಲ, ಗಾಳಿ ಎಲ್ಲಿರುತ್ತೆ’ ಎಂಬ ಧೈರ್ಯ ಬೇಡ.

ಬಿಚ್ಚುವ ಮುಂಚೆ ಇನ್ನೆರಡು ಗುರುತು. ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಟ್ಯೂಬಿನ ಯಾವ ಮಗ್ಗುಲು ಹೊರಗಿತ್ತು ಎಂಬುದನ್ನೂ ಗುರುತು ಹಾಕಿ. ಆಮೇಲೆ ಟ್ಯೂಬಿಗೆ ಗಾಳಿ ಹೊಡೆದು ನೀರಿನಲ್ಲಿ ಮುಳುಗಿಸಿ ತೂತು ಪತ್ತೆಯಾದಾಗ, ವಾಲ್ವಿನಿಂದ ಎಷ್ಟು ಗೇಣು ದೂರವೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಮುಳ್ಳು ಕೂತಿರುತ್ತದೆ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದಿರುವುದನ್ನು ನೋಡದೆ ಹೊಸ ಟ್ಯೂಬು ಹಾಕಿದರೆ ಮರುದಿನವೇ ಮತ್ತೆ ಅದೇ ಕಥೆ. ಒಳಗೆ ಬೆರಳಾಡಿಸಬೇಡಿ, ಹತ್ತಿಬಟ್ಟೆ ಆಡಿಸಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಸತ್ತ ಟ್ಯೂಬನ್ನು ಎಸೆಯುವ ಮೊದಲು ಒಮ್ಮೆ ಓದಿ. ತೂತು ಟೈರಿನ ಕಡೆಯಿದ್ದರೆ ಮುಳ್ಳು ಅಥವಾ ಮೊಳೆ. ರಿಮ್ಮಿನ ಕಡೆಯಿದ್ದರೆ ತುಕ್ಕಿನ ಚಕ್ಕೆ ಅಥವಾ ವೆಲ್ಡಿಂಗಿನ ಗಂಟು. ಗೊಬ್ಬರ ಹೊರುವ ಕೈಗಾಡಿಗಳಲ್ಲಿ ಇದೇ ಹೆಚ್ಚು, ಸಗಣಿ ನೀರು ರಿಮ್ಮನ್ನು ಒಳಗಿನಿಂದ ತಿನ್ನುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಮ್ಮಿಯಿದ್ದಾಗ ಕಲ್ಲಿನ ಮೇಲೆ ಹತ್ತಿಸಿದ್ದೀರಿ, ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಜಜ್ಜಿದೆ. ವಾಲ್ವಿನ ಬುಡ ಹರಿದಿದ್ದರೆ ಅದಕ್ಕೂ ಸಾಮಾನ್ಯವಾಗಿ ಗಾಳಿ ಕಮ್ಮಿಯಾದದ್ದೇ ಕಾರಣ. ಎಂಜಿನ್ ತಿರುಗಿಸುವ ಚಕ್ರದಲ್ಲಿ ರಿಮ್ಮು ಮುಂದೆ ಹೋಗಿ ಟೈರು ಹಿಂದೆ ಉಳಿಯುತ್ತದೆ, ಟೈರಿಗೆ ಅಂಟಿದ ಟ್ಯೂಬು ವಾಲ್ವನ್ನು ಎಳೆಯುತ್ತದೆ. ವಾಲ್ವು ಓರೆಯಾಗಿ ಕಂಡ ದಿನವೇ ಗಾಳಿ ಪೂರ್ತಿ ಬಿಟ್ಟು, ಟೈರನ್ನು ರಿಮ್ಮಿನಿಂದ ಸಡಿಲಿಸಿ, ತಿರುಗಿಸಿ ಸರಿ ಮಾಡಿದರೆ ಟ್ಯೂಬು ಉಳಿಯುತ್ತದೆ. ಇನ್ನು ರಿಮ್ಮಿನ ನಡುಗೆರೆಯ ಉದ್ದಕ್ಕೂ ಕಚ್ಚಿದ ಗುರುತಿದ್ದರೆ ಅದು ಜೋಡಿಸಿದವರ ತಪ್ಪು, ಎರಡು ತಟ್ಟೆಗಳ ನಡುವೆ ಟ್ಯೂಬು ಸಿಕ್ಕಿದೆ.

ಹಾಕುವುದಕ್ಕೆ ಮೊದಲು ರಿಮ್ಮಿಗೆ ವೈರ್ ಬ್ರಷ್, ಆಮೇಲೆ ಎಮರಿ ಕಾಗದ, ವಾಲ್ವ್ ತೂತಿನ ಅಂಚಿಗೆ ಅರದಿಂದ ನಾಲ್ಕು ಎಳೆತ. ಟೈರಿನೊಳಗೆ ಅಂಟಿಸಿದ ಕಾಗದದ ಲೇಬಲ್ ಇದ್ದರೆ ಕಿತ್ತುಬಿಡಿ, ಅದರ ಮೂಲೆ ಕೂಡ ದಿನಾ ಉಜ್ಜಿ ಟ್ಯೂಬು ಸವೆಸುತ್ತದೆ. ಮುಖಕ್ಕೆ ಹಚ್ಚುವ ಪೌಡರನ್ನೇ ಟ್ಯೂಬಿಗೆ ಧಾರಾಳವಾಗಿ ಸವರಿ. ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟು, ಟೈರಿನೊಳಗೆ ಇಟ್ಟು, ಒಂದು ತಟ್ಟೆ ಕೂರಿಸಿ, ವಾಲ್ವು ತೂರಿಸಿ, ಇನ್ನೊಂದು ತಟ್ಟೆ ಮುಚ್ಚಿ. ಬೋಲ್ಟುಗಳನ್ನು ಎದುರುಬದುರಾಗಿ, ಎರಡೆರಡು ಸುತ್ತು ಬಿಗಿಯುತ್ತ ಹೋಗಿ. ನಡುವೆ ಚಕ್ರವನ್ನು ಬೆಳಕಿಗೆ ಹಿಡಿದು ಸಂದಿನಲ್ಲಿ ಕಪ್ಪು ರಬ್ಬರು ಇಣುಕುತ್ತಿದೆಯೇ ನೋಡಿ. ಒಂದೇ ತುಂಡಿನ ರಿಮ್ಮಾದರೆ ಟೈರ್ ಲಿವರ್ ಬೇಕೇ ಬೇಕು. ಅಲ್ಲಿ ಅಂಚಿಗೆ ಸೋಪು ನೀರು ಹಚ್ಚಿ, ವಾಲ್ವಿನ ಎದುರು ದಿಕ್ಕಿನಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಗ್ರೀಸು, ಆಯಿಲು ಬೇಡ, ರಬ್ಬರು ಉಬ್ಬಿ ಕೆಡುತ್ತದೆ.

ಟ್ಯೂಬ್‌ಲೆಸ್ ಟೈರಿನ ಅಂಚಿನಿಂದ ಗಾಳಿ ಸೋರುತ್ತಿದ್ದರೆ ಅದಕ್ಕೂ ಟ್ಯೂಬು ಹಾಕಬಹುದು. ಹಳೇ ವಾಲ್ವನ್ನು ಕತ್ತರಿಸಿ ಎಳೆದು ತೆಗೆಯಬೇಕು. ಸಾಮಾನ್ಯ ಟ್ಯೂಬ್‌ಲೆಸ್ ವಾಲ್ವಿನ ತೂತೂ 11.5 ಮಿಲಿಮೀಟರೇ, ಟಿಆರ್ 13 ಸೀದಾ ಕೂರುತ್ತದೆ. ಹಿಂದೆ ಪಂಚರ್ ದ್ರವ ಸುರಿದಿದ್ದರೆ ತೊಳೆದು ಒಣಗಿಸಿ.

ಹೂಗಳಿರುವ, ಅಂದರೆ ‘ವಿ’ ಆಕಾರದ ಎತ್ತರದ ಪಟ್ಟಿಗಳಿರುವ ಟೈರಾದರೆ ದಿಕ್ಕು ತಪ್ಪಬಾರದು. ಮೇಲಿನಿಂದ ನೋಡಿದಾಗ ‘ವಿ’ಯ ಮೂಗು ಮುಂದಕ್ಕಿರಬೇಕು. ಉಲ್ಟಾ ಹಾಕಿದರೆ ಕೆಸರಿನಲ್ಲಿ ಟಿಲ್ಲರ್ ಕೂತಲ್ಲೇ ಕೂರುತ್ತದೆ.

ಗಾಳಿಯನ್ನು ಒಮ್ಮೆ ತುಂಬಿ, ಅಂಚು ಕೂತ ಮೇಲೆ ಪೂರ್ತಿ ಬಿಟ್ಟು, ಮತ್ತೆ ತುಂಬಿ. ಮೊದಲ ಸಲ ಬಿದ್ದ ಸುಕ್ಕು ಹೀಗೆ ಬಿಡುತ್ತದೆ. ಲೋಹದ ವಾಲ್ವಿನ ನಟ್ಟನ್ನು ಬಿಗಿಯುವುದು ಇದಾದ ಮೇಲೆಯೇ. ವಾಲ್ವಿನ ಸುತ್ತ ನೀರು ಹಾಕಿದಾಗ ನಾಲ್ಕು ಗುಳ್ಳೆ ಬಂದು ನಿಂತರೆ ಗಾಬರಿ ಬೇಡ, ಟೈರಿಗೂ ಟ್ಯೂಬಿಗೂ ನಡುವೆ ಸಿಕ್ಕಿದ್ದ ಗಾಳಿ ಅದು. ನಿಲ್ಲದೆ ಬರುತ್ತಿದ್ದರೆ ಮಾತ್ರ ಬಿಚ್ಚಬೇಕು.

ಎಷ್ಟು ಗಾಳಿ ಎಂಬುದಕ್ಕೆ ಟೈರಿನ ಪಕ್ಕದಲ್ಲೇ ಗರಿಷ್ಠ ಮಿತಿ ಬರೆದಿರುತ್ತದೆ. ಕೈಗಾಡಿಯ ಟೈರಿಗೆ ಬಹಳಷ್ಟು ಸಲ 30 ಪಿಎಸ್‌ಐ, ಕೂತು ಓಡಿಸುವ ಹುಲ್ಲು ಯಂತ್ರಕ್ಕೆ 10ರಿಂದ 14 ಸಾಕು. ಲಾರಿಗೆ ಗಾಳಿ ಹೊಡೆಯುವ ಕಂಪ್ರೆಸರಿನ ಪೈಪನ್ನು ಈ ಚಿಕ್ಕ ಚಕ್ರಕ್ಕೆ ಹಿಡಿದರೆ ಎರಡು ಮೂರು ಕ್ಷಣದಲ್ಲಿ ಮಿತಿ ಮೀರುತ್ತದೆ. ಸೈಕಲ್ ಪಂಪು, ಜೊತೆಗೆ ಒಂದು ಗೇಜು, ಇಷ್ಟಿದ್ದರೆ ಮನೆಯಲ್ಲೇ ಆಗುವ ಕೆಲಸ.