ಆ ರೋಬೋಟ್ ಸಿನಿಮಾದಲ್ಲಿ ಅಂಥದ್ದೇನಿದೆ?

"ಅದು ಆಟಿಕೆ ಮಾರೋಕೆ ಮಾಡಿದ ಸಿನಿಮಾ ಅಲ್ವಾ? ಏನಿದೆ ಅಂತ ಅಷ್ಟು ಸಲ ನೋಡ್ತೀರಾ?"

2007ರ 'ಟ್ರಾನ್ಸ್‌ಫಾರ್ಮರ್ಸ್' ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಈ ಪ್ರಶ್ನೆ ಬರುತ್ತದೆ. ಆಫೀಸಿನಲ್ಲಿ ಕೇಳುತ್ತಾರೆ, ನೆಂಟರ ಮದುವೆಯಲ್ಲಿ ಕೇಳುತ್ತಾರೆ, ನಮ್ಮ ಭಾವ ಅಂತೂ ಸಿಕ್ಕಾಗಲೆಲ್ಲ ಕೇಳುತ್ತಾರೆ. ಅವರಿಗೆಲ್ಲ ನಿಂತಲ್ಲೇ ಹೇಳಿ ಮುಗಿಸೋಕೆ ಆಗಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಸಿನಿಮಾ ನೋಡದವರಿಗಾಗಿ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೈಬರ್‌ಟ್ರಾನ್ ಅಂತ ಒಂದು ಗ್ರಹ. ಅಲ್ಲಿರುವವರೆಲ್ಲ ಜೀವ ಇರುವ ಯಂತ್ರಗಳು. ಆಟೋಬಾಟ್‌ಗಳು, ಡಿಸೆಪ್ಟಿಕಾನ್‌ಗಳು ಅಂತ ಎರಡು ಪಂಗಡವಾಗಿ ಹೊಡೆದಾಡಿ ಗ್ರಹವನ್ನೇ ಹಾಳು ಮಾಡಿಕೊಂಡಿದ್ದಾರೆ. ಅವರಿಗೆ ಜೀವ ಕೊಡುವ ಶಕ್ತಿ ಇರುವ ಒಂದು ಘನ ಭೂಮಿಗೆ ಬಂದು ಬಿದ್ದಿದೆ. ಅದನ್ನು ಹುಡುಕಿಕೊಂಡು ಬಂದವರು ಇಲ್ಲಿ ಕಾರು, ಲಾರಿ, ಹೆಲಿಕಾಪ್ಟರ್ ಆಗಿ ವೇಷ ಮರೆಸಿಕೊಂಡಿದ್ದಾರೆ. ಸ್ಯಾಮ್ ವಿಟ್‌ವಿಕಿ ಅನ್ನೋ ಹುಡುಗ ಹಳೇ ಹಳದಿ ಕಾರು ಕೊಳ್ಳುತ್ತಾನೆ. ಆ ಕಾರು ಬಂಬಲ್‌ಬೀ ಅನ್ನೋ ಆಟೋಬಾಟ್.

ಈಗ ಪ್ರಶ್ನೆಗೆ ಬರೋಣ. ಹೌದು, ಇದೆಲ್ಲ ಹುಟ್ಟಿದ್ದು ಆಟಿಕೆ ಮಾರೋಕೆ. ಅದನ್ನು ನಾನು ಮುಚ್ಚಿಡುವುದಿಲ್ಲ. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಜಪಾನಿನ ಟಕಾರಾ ಕಂಪನಿಯ ಆಟಿಕೆಗಳನ್ನು ತಂದು ಹೊಸ ಹೆಸರಲ್ಲಿ ಮಾರಾಟಕ್ಕೆ ಇಟ್ಟಿತು. ಜಪಾನಿನಲ್ಲಿ ಡಯಾಕ್ಲೋನ್ ಅಂತ ಇದ್ದಾಗ ಆ ರೋಬೋಟ್‌ಗಳಿಗೆ ಸ್ವಂತ ಜೀವ ಇರಲಿಲ್ಲ. ಒಳಗೆ ಪುಟ್ಟ ಮನುಷ್ಯ ಕೂತು ಓಡಿಸುವ ಗಾಡಿಗಳು ಅವು, ಅಷ್ಟೇ. ಅಮೆರಿಕಕ್ಕೆ ಬಂದ ಮೇಲೆ ಅವುಗಳಿಗೆ ಕಥೆ ಕಟ್ಟುವ ಕೆಲಸ ಮಾರ್ವೆಲ್ ಕಾಮಿಕ್ಸ್‌ಗೆ ಬಂತು. ಅಲ್ಲಿ ಸಂಪಾದಕರಾಗಿದ್ದ ಬಾಬ್ ಬುಡಿಯಾನ್ಸ್ಕಿ ತುಂಬಾ ಕಡಿಮೆ ಸಮಯದಲ್ಲಿ ಹೆಚ್ಚಿನ ಆಟಿಕೆಗಳಿಗೆ ಹೆಸರು, ಸ್ವಭಾವ, ಬಲ, ದೌರ್ಬಲ್ಯ ಎಲ್ಲ ಬರೆದುಕೊಟ್ಟರು. ಅದನ್ನು ಡಬ್ಬದ ಹಿಂಭಾಗದಲ್ಲಿ ಅಚ್ಚು ಹಾಕುತ್ತಿದ್ದರು. ಕೆಂಪು ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿದರೆ ಮಾತ್ರ ಕಾಣುವ ಒಂದು ಪಟ್ಟಿ ಅದರಲ್ಲಿ ಇರುತ್ತಿತ್ತು. ಶಕ್ತಿ, ಬುದ್ಧಿ, ವೇಗ ಎಲ್ಲದಕ್ಕೂ ಅಂಕ. ಅದೇ ಪಟ್ಟಿಯಲ್ಲಿ ಧೈರ್ಯಕ್ಕೂ ಅಂಕ. ಒಂದು ಪ್ಲಾಸ್ಟಿಕ್ ಲಾರಿಗೆ ಧೈರ್ಯ ಎಷ್ಟಿದೆ ಅಂತ ಕೂತು ಯೋಚನೆ ಮಾಡಿದವರು ಇದ್ದರು ಅಂತ ಗೊತ್ತಾದಾಗಲೇ ನಾನು ಇವರ ಪಾಲಾದೆ.

ಮಾರುವವರಿಗೆ ಅದು ಸರಕು. ಮಕ್ಕಳಿಗೆ ಈ ರೋಬೋಟ್‌ಗಳು ಮನುಷ್ಯರಷ್ಟೇ ನಿಜ. ಈ ವ್ಯತ್ಯಾಸ ಎಲ್ಲರ ಮುಂದೆ ಬಯಲಾದದ್ದು 1986ರಲ್ಲಿ. ಆ ವರ್ಷ ಬಂದ ಕಾರ್ಟೂನ್ ಸಿನಿಮಾದಲ್ಲಿ ಆಟೋಬಾಟ್‌ಗಳ ನಾಯಕ ಆಪ್ಟಿಮಸ್ ಪ್ರೈಮ್‌ನನ್ನು ಸಾಯಿಸಿಬಿಟ್ಟರು. ಹಳೇ ಆಟಿಕೆಗಳನ್ನು ಅಂಗಡಿಯಿಂದ ತೆಗೆದು ಹೊಸದಕ್ಕೆ ಜಾಗ ಮಾಡಬೇಕಿತ್ತು, ಕಾರಣ ಅಷ್ಟೇ. ಥಿಯೇಟರ್‌ಗಳಲ್ಲಿ ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು. ಮನೆಗಳಿಂದ ಪತ್ರಗಳು ಬಂದವು. ಕಂಪನಿಯವರಿಗೆ ದಿಗಿಲಾಯಿತು. ಮುಂದಿನ ವರ್ಷ ಟಿವಿ ಸರಣಿಯಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು.

ಆ ಮಕ್ಕಳು ಅತ್ತದ್ದಕ್ಕೆ ದೊಡ್ಡ ಕಾರಣ ಒಂದು ಧ್ವನಿ. ಆಪ್ಟಿಮಸ್‌ಗೆ ಮಾತು ಕೊಟ್ಟವರು ಕೆನಡಾದಲ್ಲಿ ಹುಟ್ಟಿದ ಪೀಟರ್ ಕಲೆನ್. 1984ರ ಟಿವಿ ಕಾರ್ಟೂನಿನ ಆಡಿಷನ್‌ಗೆ ಹೊರಡುವಾಗ ಅಣ್ಣ ಲ್ಯಾರಿಗೆ ವಿಷಯ ಹೇಳಿದರಂತೆ. ಲ್ಯಾರಿ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದವರು. ನಾಯಕನ ಪಾತ್ರ ಮಾಡೋದಾದರೆ ಕೂಗಾಡುವ ಸಿನಿಮಾ ನಾಯಕ ಆಗಬೇಡ, ಮೆದುವಾಗಿ ಇರೋಕೆ ಬೇಕಾದಷ್ಟು ಗಟ್ಟಿ ಇರು ಅಂತ ಅವರು ಹೇಳಿದ್ದನ್ನು ಕಲೆನ್ ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅಣ್ಣನ ದನಿಯನ್ನೇ ಮನಸ್ಸಲ್ಲಿಟ್ಟುಕೊಂಡು ಮಾತಾಡಿದೆ ಅಂದಿದ್ದಾರೆ. 2007ರ ಸಿನಿಮಾಕ್ಕೂ ಇದೇ ಧ್ವನಿ ಬೇಕು ಅಂತ ಅಭಿಮಾನಿಗಳು ಹಟ ಹಿಡಿದರು. ಕಲೆನ್ ಮತ್ತೆ ಆಡಿಷನ್ ಕೊಟ್ಟು, ಆ ಪಾತ್ರಕ್ಕೆ ಮರಳಿ ಬಂದರು.

ನಿರ್ದೇಶಕ ಮೈಕಲ್ ಬೇ ಮೊದಲು ಇದನ್ನು ಬರೀ ಆಟಿಕೆ ಸಿನಿಮಾ ಅಂತ ತಳ್ಳಿಹಾಕಿದ್ದರು. ಚಿತ್ರದ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ಒತ್ತಾಯ ಮಾಡಿದರು. ಹ್ಯಾಸ್ಬ್ರೋ ಕಚೇರಿಗೆ ಹೋಗಿ ಈ ಪಾತ್ರಗಳ ಹಿನ್ನೆಲೆ ಕೇಳಿದ ಮೇಲೆ ಬೇ ಅವರ ಮನಸ್ಸು ಬದಲಾಯಿತು.

ಇನ್ನು ನಾನು ಪ್ರತಿ ಸಲ ಕಾದು ನೋಡುವ ದೃಶ್ಯ. ರಾತ್ರಿ ಹೊತ್ತು, ಕಟ್ಟಡಗಳ ನಡುವಿನ ಓಣಿ. ಕೆಂಪು ಜ್ವಾಲೆ ಬಳಿದ ನೀಲಿ ಲಾರಿ, ಅಂದರೆ ಆಪ್ಟಿಮಸ್, ನಿಧಾನಕ್ಕೆ ಬಂದು ಸ್ಯಾಮ್ ಎದುರು ನಿಲ್ಲುತ್ತದೆ. ಆಮೇಲೆ ಮುಂಭಾಗ ಸೀಳಿಕೊಂಡು ಎದೆಯಾಗುತ್ತದೆ, ಚಕ್ರಗಳು ಒಳಸರಿಯುತ್ತವೆ, ಒಂದೊಂದೇ ತಗಡು ಮಗುಚಿ, ಜಾರಿ, ಕಚ್ಚಿಕೊಂಡು ಕೂರುತ್ತದೆ. ಹಿಂದೆ ಸ್ಟೀವ್ ಜಬ್ಲಾನ್ಸ್ಕಿ ಅವರ ಸಂಗೀತ, ಕೋರಸ್ ಮೆಲ್ಲಗೆ ಏರುತ್ತಾ ಹೋಗುತ್ತದೆ. ಇಷ್ಟೆತ್ತರ ಎದ್ದು ನಿಂತವನು ಮೊದಲು ಮಾಡುವ ಕೆಲಸ ಏನು ಗೊತ್ತಾ? ಮಂಡಿಯೂರುತ್ತಾನೆ. ಮುಖವನ್ನು ಆ ಹುಡುಗನ ಹತ್ತಿರಕ್ಕೆ ತಂದು, ನೀನು ಸ್ಯಾಮ್ಯುಯೆಲ್ ಜೇಮ್ಸ್ ವಿಟ್‌ವಿಕಿ ತಾನೇ ಅಂತ ಪೂರ್ತಿ ಹೆಸರು ಹಿಡಿದು ಕೇಳುತ್ತಾನೆ. ಲ್ಯಾರಿ ಹೇಳಿದ ಮಾತು ಅಲ್ಲಿ ಪೂರ್ತಿ ಇದೆ. ಇಷ್ಟು ವರ್ಷ ಆದರೂ ಅಲ್ಲಿ ನನಗೆ ಮೈ ಜುಮ್ ಅನ್ನುತ್ತದೆ.

ಈ ದೃಶ್ಯವನ್ನು ನಂಬುವ ಹಾಗೆ ಮಾಡಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಅನ್ನೋ ವಿಷುಯಲ್ ಎಫೆಕ್ಟ್ಸ್ ಸಂಸ್ಥೆಯವರು. ಅವರು ಕಂಪ್ಯೂಟರ್‌ನಲ್ಲಿ ಕಟ್ಟಿದ ಆಪ್ಟಿಮಸ್‌ನಲ್ಲಿ 10,108 ಬಿಡಿಭಾಗಗಳಿವೆ. ಕಾರ್ಟೂನಿನಲ್ಲಿ ಖಳನಾಯಕ ಮೆಗಾಟ್ರಾನ್ ಕುಗ್ಗಿ ಕೈಯಲ್ಲಿ ಹಿಡಿಯುವ ಪಿಸ್ತೂಲಾಗುತ್ತಿದ್ದ. ಸಿನಿಮಾದಲ್ಲಿ ಅಂಥ ಕಣ್ಕಟ್ಟು ಬೇಡ, ಲಾರಿಯಲ್ಲಿ ಇರುವಷ್ಟು ಕಬ್ಬಿಣವೇ ರೋಬೋಟ್‌ನಲ್ಲೂ ಇರಬೇಕು ಅಂತ ನಿರ್ಧಾರ ಮಾಡಿದರು. ರೋಬೋಟ್ ದೊಡ್ಡದಾಗಬೇಕಾದರೆ ಲಾರಿಯೂ ದೊಡ್ಡದಿರಬೇಕಲ್ಲ, ಅದಕ್ಕೇ ಕಾರ್ಟೂನಿನ ಚಪ್ಪಟೆ ಮೂತಿಯ ಲಾರಿ ಹೋಗಿ ಪೀಟರ್‌ಬಿಲ್ಟ್ ಕಂಪನಿಯ ಉದ್ದ ಮೂತಿಯ ಲಾರಿ ಬಂತು. ಮೈಮೇಲೆ ಜ್ವಾಲೆ ಯಾಕೆ, ಆಪ್ಟಿಮಸ್ ಮುಖಕ್ಕೆ ತುಟಿ ಯಾಕೆ ಅಂತ ಹಳೇ ಅಭಿಮಾನಿಗಳು ಆಗ ರೇಗಿದ್ದರು. ನನಗೆ ಅದು ಸರಿಯಾಗಿಯೇ ಕಂಡಿತು. ತೆರೆಯ ಮೇಲೆ ಆ ದೇಹಕ್ಕೆ ತೂಕ ಇದೆ. ಕಾಲಿಟ್ಟ ಕಡೆ ಡಾಂಬರು ಬಿರಿಯುತ್ತದೆ. ಆಸ್ಕರ್‌ಗೆ ಮೂರು ನಾಮನಿರ್ದೇಶನ ಬಂದರೂ ಒಂದೂ ಗೆಲ್ಲಲಿಲ್ಲ. ವಿಷುಯಲ್ ಎಫೆಕ್ಟ್ಸ್ ಪ್ರಶಸ್ತಿ ಆ ವರ್ಷ ಇವರಿಗೇ ಸಿಗಬೇಕಿತ್ತು ಅಂತ ನಾನು ಈಗಲೂ ವಾದ ಮಾಡುತ್ತೇನೆ.

ಹೊಡೆದಾಟ ಅಷ್ಟೇ ಇದೆ ಅನ್ನುವವರಿಗೆ ನಾನು ತೋರಿಸುವ ದೃಶ್ಯ ಇನ್ನೊಂದು. ಬಂಬಲ್‌ಬೀ ಸೆರೆ ಸಿಗುವುದು. ಸೇತುವೆಯಿಂದ ಬೀಳುತ್ತಿರುವ ಸ್ಯಾಮ್ ಮತ್ತು ಅವನ ಗೆಳತಿ ಮಿಕೇಲಾಳನ್ನು ಬಂಬಲ್‌ಬೀ ಹಿಡಿದು ಉಳಿಸುತ್ತಾನೆ. ಮರುಕ್ಷಣವೇ ಸರ್ಕಾರಿ ಏಜೆಂಟರ ಹೆಲಿಕಾಪ್ಟರ್‌ಗಳು ಮುತ್ತುತ್ತವೆ. ಕೈಗೆ, ಕಾಲಿಗೆ ಉಕ್ಕಿನ ಹಗ್ಗ ಬಿಗಿದು ನೆಲಕ್ಕೆ ಕೆಡವುತ್ತಾರೆ. ಮೈಮೇಲೆಲ್ಲ ಹಿಮದಂಥ ಹೊಗೆ ಸುರಿಯುತ್ತಾರೆ. ಗಂಟಲಿಗೆ ಏಟಾಗಿರುವ ಕಾರಣ ಅವನಿಗೆ ಮಾತು ಬರೋದಿಲ್ಲ, ಇಡೀ ಸಿನಿಮಾ ರೇಡಿಯೋ ಹಾಡುಗಳಲ್ಲೇ ಮಾತಾಡಿಕೊಂಡು ಬಂದಿದ್ದಾನೆ. ಇಲ್ಲಿ ರೇಡಿಯೋ ಕೂಡ ಇಲ್ಲ, ಬರೀ ನರಳಾಟ. ಮನಸ್ಸು ಮಾಡಿದ್ದರೆ ಆ ಮನುಷ್ಯರನ್ನು ಹೊಸಕಿ ಹಾಕಬಹುದಿತ್ತು. ಅವನು ಮಾಡುವುದಿಲ್ಲ. ಸೇತುವೆಯ ಕೆಳಗೆ ಅಡಗಿರುವ ಗೆಳೆಯರು ಸುಮ್ನೆ ನಿಂತು ನೋಡಬೇಕಾ ಅಂತ ಕೇಳುತ್ತಾರೆ. ಅವನನ್ನು ಬಿಡಿಸೋಕೆ ಹೋದರೆ ಮನುಷ್ಯರಿಗೆ ಪೆಟ್ಟಾಗುತ್ತದೆ ಅನ್ನುತ್ತಾನೆ ಆಪ್ಟಿಮಸ್. ಹಾಗೆ ಹೇಳುವಾಗ ಕಲೆನ್ ದನಿ ಏರುವುದೇ ಇಲ್ಲ. ಇದು ನನಗೆ ಕಥೆಯೇ. ಇದಕ್ಕಿಂತ ಜಾಸ್ತಿ ಕಥೆ ನಾನು ಕೇಳುವುದೂ ಇಲ್ಲ.

ಕೊರತೆಗಳಿವೆ. ಕೊನೆಯ ಕಾಳಗದಲ್ಲಿ ಕ್ಯಾಮೆರಾ ತೀರಾ ಹತ್ತಿರ ಹೋಗಿ ಅಲ್ಲಾಡುತ್ತದೆ, ಯಾರು ಯಾರಿಗೆ ಹೊಡೆದರು ಗೊತ್ತಾಗುವುದಿಲ್ಲ. ಜಾಝ್ ಅನ್ನುವ ಆಟೋಬಾಟ್ ಸಾಯುತ್ತಾನೆ, ಅವನಿಗಾಗಿ ಸಿನಿಮಾ ಒಂದು ನಿಮಿಷವೂ ನಿಲ್ಲುವುದಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟ ವಿಷಯ. ಮಿಕೇಲಾಳ ವಿಷಯದಲ್ಲಂತೂ ಸಿಟ್ಟೇ ಬರುತ್ತದೆ. ಅವಳಿಗೆ ಗಾಡಿ ರಿಪೇರಿ ಗೊತ್ತು. ಬಂಬಲ್‌ಬೀ ಕಾಲು ಕಳೆದುಕೊಂಡಾಗ ಅವನನ್ನು ಕೆಟ್ಟ ಗಾಡಿ ಎಳೆಯುವ ಲಾರಿಗೆ ಕಟ್ಟಿ, ರಿವರ್ಸ್‌ನಲ್ಲಿ ಯುದ್ಧದ ನಡುವೆ ನುಗ್ಗಿಸುವವಳು ಅವಳೇ. ಅಂಥ ಹುಡುಗಿಯ ಮೈಯನ್ನಷ್ಟೇ ಕ್ಯಾಮೆರಾ ಸವರುತ್ತಾ ಇದ್ದರೆ ಹೇಗೆ? ಅವಳಿಗೆ ಇನ್ನೂ ಒಳ್ಳೆಯ ಸಿನಿಮಾ ಸಿಗಬೇಕಿತ್ತು.

ಸುಮಾರು 15 ಕೋಟಿ ಡಾಲರ್‌ನಲ್ಲಿ ಮಾಡಿದ ಸಿನಿಮಾ 70 ಕೋಟಿಗೂ ಹೆಚ್ಚು ಗಳಿಸಿತು. ಮುಂದಿನ ಭಾಗಗಳು ಸಾಲಾಗಿ ಬಂದವು. 2009ರ ಎರಡನೇ ಭಾಗಕ್ಕೆ ಹಾಲಿವುಡ್ ಬರಹಗಾರರ ಮುಷ್ಕರ ಅಡ್ಡ ಬಂದು ಕಥೆ ಸರಿಯಾಗಿ ಬೇಯಲೇ ಇಲ್ಲ. 2011ರ ಮತ್ತು 2014ರ ಸಿನಿಮಾಗಳು ನೂರು ಕೋಟಿ ಡಾಲರ್ ದಾಟಿದವು. ಆದರೆ ಆಪ್ಟಿಮಸ್ ಬರಬರುತ್ತಾ ಬಿರುಸಾದ, ತಲೆ ಕಡಿಯುವ ಸೇನಾಪತಿಯಾದ. ಓಣಿಯಲ್ಲಿ ಮಂಡಿಯೂರಿದವನು ನನಗೆ ಅಲ್ಲಿ ಸಿಗಲಿಲ್ಲ.

ಹಾಗಾದರೆ ಯಾವುದು ನೋಡಬೇಕು ಅಂತ ಕೇಳಿದರೆ, ಮಕ್ಕಳ ಜೊತೆ ಕೂರುವುದಾದರೆ 2018ರ 'ಬಂಬಲ್‌ಬೀ'ಯಿಂದ ಶುರು ಮಾಡಿ. ಟ್ರಾವಿಸ್ ನೈಟ್ ನಿರ್ದೇಶನ. ಬಂಬಲ್‌ಬೀ ಮತ್ತೆ ಕಾರ್ಟೂನಿನ ಕಾಲದ ತನ್ನ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ರೂಪದಲ್ಲಿದ್ದಾನೆ. ಅಪ್ಪನನ್ನು ಕಳೆದುಕೊಂಡ ಹುಡುಗಿಗೂ ಅವನಿಗೂ ಆಗುವ ಸ್ನೇಹ ತುಂಬಾ ಚೆನ್ನಾಗಿದೆ, ಹೊಡೆದಾಟವೂ ಕಣ್ಣಿಗೆ ಸ್ಪಷ್ಟ. ಆಮೇಲೆ 2007ರದ್ದು ನೋಡಿ, ಸೌಂಡ್ ಚೆನ್ನಾಗಿರುವ ಕಡೆ ನೋಡಿ. ಕೊನೆಗೆ 2024ರ ಅನಿಮೇಷನ್ 'ಟ್ರಾನ್ಸ್‌ಫಾರ್ಮರ್ಸ್ ಒನ್'. ಆಪ್ಟಿಮಸ್ ಮತ್ತು ಮೆಗಾಟ್ರಾನ್ ಒಂದೇ ಗಣಿಯಲ್ಲಿ ದುಡಿಯುವ ಜೀವದ ಗೆಳೆಯರಾಗಿದ್ದ ಕಾಲದ ಕಥೆ. ಕಲೆನ್ ಬದಲು ಕ್ರಿಸ್ ಹೆಮ್ಸ್‌ವರ್ತ್ ಧ್ವನಿ ಇದೆ, ಮೊದಲು ಒಪ್ಪಿಕೊಳ್ಳೋಕೆ ಕಷ್ಟ ಆಯಿತು, ಅರ್ಧ ಗಂಟೆಯಲ್ಲಿ ಒಗ್ಗಿತು. ಗೆಳೆತನ ಮುರಿಯುವ ಕ್ಷಣವನ್ನು ಇಷ್ಟು ಚೆನ್ನಾಗಿ ಈ ಸರಣಿಯ ಬೇರೆ ಯಾವ ಸಿನಿಮಾವೂ ತೋರಿಸಿಲ್ಲ. ಥಿಯೇಟರ್‌ನಲ್ಲಿ ಅದಕ್ಕೆ ಬರಬೇಕಾದಷ್ಟು ಜನ ಬರಲಿಲ್ಲ ಅನ್ನೋದು ನನ್ನ ಸಂಕಟ. ಭಾವ, ಇದನ್ನ ಓದ್ತಿದ್ರೆ ಈ ಭಾನುವಾರ ಮನೆಗೆ ಬನ್ನಿ, ಒಟ್ಟಿಗೆ ಕೂತು ನೋಡೋಣ.