ಟೋಪಾಜ್ ಹಡಗಿನ ಮಾದರಿ: ಆರನೇ ವಾರ

ಒಡಲಿನ ಕೆಲಸ ಮುಗಿಯಿತು! ಚನ್ನಪಟ್ಟಣದಿಂದ ತಂದ ಹಾಲೆ ಮರದ ತುಂಡು ಈಗ 23 ಸೆಂಟಿಮೀಟರ್ ಉದ್ದದ ಹಡಗಾಗಿದೆ. ನಿಜವಾದ ಹಡಗು 46 ಮೀಟರ್. ಅಂದರೆ ಇನ್ನೂರರಲ್ಲಿ ಒಂದು ಪಾಲು.

ಇದು ಹಿಂದೂ ಮಹಾಸಾಗರದ ದ್ವೀಪದೇಶ ಸೀಶೆಲ್ಸ್‌ನ ಕರಾವಳಿ ಪಡೆಯ ಗಸ್ತು ಹಡಗು, ಪಿ.ಎಸ್. ಟೋಪಾಜ್. ಹುಟ್ಟಿದ್ದು ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ. ಮೊದಲು ನಮ್ಮ ನೌಕಾಪಡೆಯ ಐ.ಎನ್.ಎಸ್. ತರ್ಮುಗ್ಲಿ ಆಗಿತ್ತು. 2005ರಲ್ಲಿ ಭಾರತ ಇದನ್ನು ಸೀಶೆಲ್ಸ್‌ಗೆ ಕೊಟ್ಟಿತು. ಇದರ ಜೊತೆಯವು ಟ್ರಿಂಕಟ್, ತಿಲ್ಲಾಂಚಾಂಗ್, ತಾರಾಸಾ. ನಾಲ್ಕಕ್ಕೂ ಅಂಡಮಾನ್ ನಿಕೋಬಾರ್ ದ್ವೀಪಗಳ ಹೆಸರು. ತಿಲ್ಲಾಂಚಾಂಗ್ 2006ರಲ್ಲಿ ಮಾಲ್ಡೀವ್ಸ್‌ಗೆ ಹೋಯಿತು. ತಾರಾಸಾ ಕೂಡ 2014ರಲ್ಲಿ ಸೀಶೆಲ್ಸ್ ಸೇರಿ ಕಾನ್‌ಸ್ಟಂಟ್ ಆಯಿತು.

ದೊಡ್ಡ ಯುದ್ಧನೌಕೆ ಬಿಟ್ಟು ಇದ್ಯಾಕೆ ಎಂದು ಮನೆಯಲ್ಲಿ ಕೇಳಿದರು. ನಕಾಶೆ ಬಿಡಿಸಿ ತೋರಿಸಿದೆ. ಸೀಶೆಲ್ಸ್ 1976ರವರೆಗೆ ಬ್ರಿಟಿಷರ ವಸಾಹತು. 115 ದ್ವೀಪ, ಎಲ್ಲಾ ಸೇರಿಸಿದರೂ ನೆಲ ಸುಮಾರು 455 ಚದರ ಕಿಲೋಮೀಟರ್. ಜನ ಒಂದು ಲಕ್ಷದ ಆಸುಪಾಸು. ಆದರೆ ಕಾಯಬೇಕಾದ ಸಮುದ್ರ ಸುಮಾರು 13 ಲಕ್ಷ ಚದರ ಕಿಲೋಮೀಟರ್! ಹತ್ತಿರ ಹತ್ತಿರ ಏಳು ಕರ್ನಾಟಕ. ಅಷ್ಟು ನೀರಿಗೆ ಬೆರಳೆಣಿಕೆಯ ಹಡಗು, ಎಚ್.ಎ.ಎಲ್. ಕಟ್ಟಿದ ಒಂದೆರಡು ಡಾರ್ನಿಯರ್ ವಿಮಾನ. ಇಂಥ ಕಡೆ ಒಂದೊಂದು ಹಡಗಿಗೂ ಎಷ್ಟು ಬೆಲೆ, ಅಲ್ವಾ?

ಈ ವಾರ ಜಾಸ್ತಿ ಹೊತ್ತು ತಿಂದದ್ದು ಮೂತಿಯ ಭಾಗ. ಅಲ್ಲಿ ಒಡಲು ಮೇಲಕ್ಕೆ ಅಗಲವಾಗುತ್ತಾ, ಕೆಳಗೆ ಚಾಕುವಿನಂತೆ ಸಣ್ಣಗಾಗಬೇಕು. ಎಡಗಡೆ ಉಪ್ಪು ಕಾಗದ ಹೆಚ್ಚು ತಿಕ್ಕಿಬಿಟ್ಟೆ. ಒಂದೂವರೆ ಮಿಲಿಮೀಟರ್ ಹೋಯಿತು. ನಿಜ ಅಳತೆಯಲ್ಲಿ ಅದು 30 ಸೆಂಟಿಮೀಟರ್. ಹಾಗೇ ಬಿಡಲು ಮನಸ್ಸು ಬರಲಿಲ್ಲ. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದೆ, ಎರಡು ದಿನ ಒಣಗಿಸಿ ಮತ್ತೆ ತಿಕ್ಕಿದೆ. ಈಗ ಎರಡೂ ಕಡೆ ಸಮ ಇದೆ. ಕಟಕಟೆಯ ಕಂಬಗಳಿಗೆ ಹಳೇ ಫ್ಯಾನ್ ಮೋಟರಿನ ತಾಮ್ರದ ತಂತಿ ಸರಿಹೋಯಿತು. ಒಂದೊಂದೂ 5 ಮಿಲಿಮೀಟರ್.

ಬಾವುಟ ಬರೆದದ್ದು ಬಹಳ ಖುಷಿ ಕೊಟ್ಟಿತು. 1996ರಿಂದ ಇರುವ ಸೀಶೆಲ್ಸ್ ಬಾವುಟ ಅದು. ಕೋಲಿನ ಕೆಳಮೂಲೆಯಿಂದ ನೀಲಿ, ಹಳದಿ, ಕೆಂಪು, ಬಿಳಿ, ಹಸಿರು ಪಟ್ಟಿಗಳು ಬೀಸಣಿಗೆಯಂತೆ ಹರಡುತ್ತವೆ. ಒಂದು ಸೆಂಟಿಮೀಟರ್ ಕಾಗದದ ಮೇಲೆ ಐದು ಬಣ್ಣ! ನಾಲ್ಕನೇ ಸಲಕ್ಕೆ ಬಂತು. ಹಳದಿಯನ್ನು ಮೊದಲು ಪೂರ್ತಿ ಬಳಿದು, ಅದರ ಮೇಲೆ ಉಳಿದದ್ದನ್ನು ಹಚ್ಚಿದರೆ ಅಂಚು ಚೊಕ್ಕವಾಗಿ ಬರುತ್ತದೆ.

ಪೀಠದ ವಿಚಾರವೂ ತೀರ್ಮಾನವಾಯಿತು. 2010ರ ಮಾರ್ಚ್ 30ರಂದು ಟೋಪಾಜ್, ಸೊಮಾಲಿ ಕಡಲುಗಳ್ಳರು ಹಿಡಿದಿದ್ದ ಹಾಯಿಹಡಗೊಂದನ್ನು ಅಡ್ಡಗಟ್ಟಿ 27 ಜನರನ್ನು ಬಿಡಿಸಿತು. 21 ಮಂದಿ ಇರಾನಿನವರು, ಆರು ಮಂದಿ ಸೀಶೆಲ್ಸ್‌ನವರೇ. ಹಡಗನ್ನು ಸುಮ್ನೆ ಬಂದರಿನಲ್ಲಿ ನಿಲ್ಲಿಸುವ ಬದಲು ಆ ದಿನ ಮನೆಗೆ ಮರಳುತ್ತಿರುವಂತೆ ತೋರಿಸುತ್ತೇನೆ. ಹಿಂದಿನ ಅಟ್ಟದ ಮೇಲೆ ಅಷ್ಟೂ ಜನ ಇರಬೇಕು. ಒಬ್ಬೊಬ್ಬರೂ ಎಂಟೂವರೆ ಮಿಲಿಮೀಟರ್. ನಿನ್ನೆ ರಾತ್ರಿಗೆ ಹನ್ನೊಂದು ಜನ ಆದರು, ಇನ್ನು ಹದಿನಾರು.