ತೂತು ಬಿದ್ದ ಚಿಗುರು

ಮಾಘ ಕಳೆದು ಫಾಲ್ಗುಣ ಹಿಡಿಯುವ ಹೊತ್ತಿಗೆ ಮೈಸೂರಿನ ನಮ್ಮ ಹಿತ್ತಲಿನ ಮಣ್ಣಿನಲ್ಲಿ ತೇವವೆಂಬುದು ಉಳಿದಿರುವುದಿಲ್ಲ. ಹಿಂಗಾರು ಮುಗಿದು ತಿಂಗಳುಗಳೇ ಕಳೆದಿರುತ್ತವೆ, ಮುಂಗಾರು ಇನ್ನೂ ದೂರವಿರುತ್ತದೆ, ಬಾವಿಯ ನೀರು ದಿನದಿನಕ್ಕೂ ಕೆಳಗಿಳಿಯುತ್ತಿರುತ್ತದೆ. ಗಿಡಮರಗಳು ಇದ್ದ ನೀರನ್ನು ಕಾಪಾಡಿಕೊಂಡು ಸುಮ್ಮನಿರಬೇಕಾದ ಕಾಲವಿದು ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಹೊಂಗೆ ಚಿಗುರುವುದು ಈಗಲೇ, ಮಾವು ಕೆಂಪು ತಳಿರು ಬಿಡುವುದು ಈಗಲೇ, ಬೀದಿ ಕೊನೆಯ ಅರಳಿಮರ ಮೈತುಂಬ ತಾಮ್ರವರ್ಣದ ಎಲೆ ತಳೆಯುವುದೂ ಈಗಲೇ. ಶೀತ ದೇಶಗಳಲ್ಲಿ ಹಿಮ ಕರಗಿ ನೆಲ ನೆನೆದ ಮೇಲೆ ವಸಂತ ಬರುತ್ತದೆ; ನಮ್ಮ ಬಯಲುಸೀಮೆಯ ವಸಂತ ವರ್ಷದ ಅತಿ ಒಣ ದಿನಗಳಲ್ಲಿ ಬರುತ್ತದೆ.

ಹೀಗೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೈ ಕಾಡಿನಲ್ಲಿ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ಅದಕ್ಕೊಂದು ಉತ್ತರ ದೊರೆಯಿತು. ಎಲೆ ತಿನ್ನುವ ಕೀಟಗಳ ಸಂಖ್ಯೆ ಮಳೆ ಬಿದ್ದ ಮೇಲೆ ಏರುತ್ತದೆ. ಅದಕ್ಕೂ ಮೊದಲೇ, ಒಣಗಾಲದಲ್ಲಿಯೇ ಚಿಗುರಿ ಎಲೆಯನ್ನು ಬಲಿಸಿಕೊಂಡ ಮರಗಳಿಗೆ ಕೀಟಗಳಿಂದಾಗುವ ಹಾನಿ ಕಡಿಮೆ, ತಡವಾಗಿ ಚಿಗುರಿದವುಗಳಿಗೆ ಹೆಚ್ಚು ಎಂಬುದು ಅವರು ಕಂಡ ಸಂಗತಿ. ಅಂದರೆ ಹೊಂಗೆ, ಮಾವುಗಳು ಮಳೆಗೆ ಕಾಯದೆ ಆತುರಪಡುವುದರ ಹಿಂದೆ ಹುಳುಗಳ ಭಯವೂ ಇದೆ. ಇದನ್ನು ತಿಳಿದ ಮೇಲೆ ಹಿತ್ತಲಿನ ವಸಂತವನ್ನು ನಾನು ನೋಡುವ ಬಗೆಯೇ ಬದಲಾಯಿತು. ಈಗ ನಾನು ಮೊದಲು ಹುಡುಕುವುದು ತಿಂದ ಎಲೆಯನ್ನು. ಎಳೆಯ ಎಲೆಯೊಂದರ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು ಕಂಡಿತೆಂದರೆ, ಮರದ ಆತುರವನ್ನು ಮೀರಿಸಿ ಯಾರೋ ಬಂದಿದ್ದಾರೆ ಎಂದೇ ಅರ್ಥ.

ಕಾಂಪೌಂಡಿನ ಹೊರಗಿನ ಹೊಂಗೆಯಲ್ಲಿ ಈ ಓಟ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಹಳೆಯ ಎಲೆಯೆಲ್ಲ ಉದುರಿ ಕೆಲವೇ ದಿನಗಳಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ನಸುಗೆಂಪು ಚಿಗುರು ಕಾಣಿಸಿಕೊಂಡು, ನೋಡನೋಡುತ್ತಿದ್ದಂತೆ ಎಳೆಹಸಿರಾಗುತ್ತದೆ. ಆ ಎಲೆಗಳ ಮೇಲೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಎಲೆಯನ್ನು ಕೆಣಕಿ, ಎಲೆಯಿಂದಲೇ ಕಟ್ಟಿಸಿಕೊಂಡ ಮನೆಗಳು ಅವು. ಹೂ ಬಿಟ್ಟ ಮೇಲಂತೂ ಬೆಳಗಿನ ಹೊತ್ತು ಮರದಡಿ ನಿಂತರೆ ತುಡುವೆ ಜೇನುಗಳ ಝೇಂಕಾರ ಕಿವಿ ತುಂಬುತ್ತದೆ, ನೆಲದ ಮೇಲೆ ಬಿಳಿ ಮತ್ತು ತಿಳಿ ನೇರಳೆ ಬಣ್ಣದ ಹೂಗಳ ಹಾಸು ಬಿದ್ದಿರುತ್ತದೆ. ಬೀದಿ ಗುಡಿಸುವವರಿಗೆ ಅದೊಂದು ಹೆಚ್ಚಿನ ಕೆಲಸವೆಂಬುದು ನಿಜವಾದರೂ, ಬೇಸಿಗೆಯ ನೆರಳಿಗೂ ಜೇನಿಗೂ ಹೊಂಗೆಯಷ್ಟು ಒದಗುವ ಬೀದಿಮರ ನಮ್ಮ ಊರುಗಳಿಗೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಹೆಚ್ಚಿನ ಸಮಯ ಕಳೆಯುವುದು ಕರಿಬೇವಿನ ಗಿಡದ ಮುಂದೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮತ್ತು ನಿಂಬೆ ಚಿಟ್ಟೆ, ಇವೆರಡೂ ಮೊಟ್ಟೆಯಿಡುವುದು ನಿಂಬೆ ಕುಟುಂಬದ ಗಿಡಗಳ ಮೇಲೆ. ಕರಿಬೇವು ಆ ಕುಟುಂಬಕ್ಕೇ ಸೇರಿದ್ದು. ಹೆಣ್ಣು ಚಿಟ್ಟೆ ಗಿಡದ ಸುತ್ತ ಹಾರಾಡುತ್ತಾ, ಎಲೆಯಿಂದ ಎಲೆಗೆ ಮುಂಗಾಲುಗಳಿಂದ ಮುಟ್ಟಿ ಮುಟ್ಟಿ ಪರೀಕ್ಷಿಸುತ್ತದೆ. ಗಿಡದ ರುಚಿ ಅದಕ್ಕೆ ತಿಳಿಯುವುದು ಕಾಲಿನಿಂದ. ಸರಿಯಾದ ಚಿಗುರು ಸಿಕ್ಕಿತೆಂದರೆ ಹೊಟ್ಟೆಯ ತುದಿಯನ್ನು ಬಾಗಿಸಿ ಒಂದೇ ಒಂದು ಮೊಟ್ಟೆಯನ್ನು ಅಂಟಿಸಿ ಮುಂದಕ್ಕೆ ಹಾರುತ್ತದೆ. ಸಾಸಿವೆಗಿಂತಲೂ ಚಿಕ್ಕದಾದ ಆ ತಿಳಿಹಳದಿ ಮೊಟ್ಟೆಯನ್ನು ಒಮ್ಮೆ ಗುರುತಿಸಲು ಕಲಿತ ಕಣ್ಣಿಗೆ ಮತ್ತೆ ಅದು ತಪ್ಪುವುದಿಲ್ಲ.

ಕೆಲವು ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ಆಮೇಲೆ ನಾಲ್ಕು ಬಾರಿ ಪೊರೆ ಕಳಚುವವರೆಗೆ ಅದರ ವೇಷ ಹಕ್ಕಿಯ ಹಿಕ್ಕೆಯದು: ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ತೇವದ ಹೊಳಪು. ಎಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಕುಳಿತಿದ್ದರೂ ಹಕ್ಕಿಗಳು ಅದರ ಕಡೆ ನೋಡುವುದಿಲ್ಲ. ಐದನೆಯ ಹಂತಕ್ಕೆ ಬಂದಾಗ ಮೈ ದೊಡ್ಡದಾಗಿ ಆ ವೇಷ ಒಪ್ಪದೆ ಹೋಗುತ್ತದೆ. ಆಗ ಅದು ಎಲೆಯ ಹಸಿರು ಬಣ್ಣಕ್ಕೆ ತಿರುಗಿ, ಎದೆಯ ಭಾಗದಲ್ಲಿ ಕಣ್ಣಿನಂತಹ ಎರಡು ಮಚ್ಚೆಗಳನ್ನು ಪಡೆಯುತ್ತದೆ. ಆ ಹಂತದಲ್ಲಿ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬಿನಂತಹ ಅಂಗವನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಒಳಗೆಳೆದುಕೊಳ್ಳುತ್ತದೆ. ಇದನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು. ಪದೇ ಪದೇ ಮುಟ್ಟಿ ಹುಳುವನ್ನು ದಣಿಸಬಾರದು.

ಕೋಶ ಕಟ್ಟುವ ಮುನ್ನ ಅದು ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿಕೊಂಡು, ಬೆನ್ನ ಸುತ್ತ ರೇಷ್ಮೆಯ ಒಂದೆಳೆಯನ್ನು ನಡುಕಟ್ಟಿನಂತೆ ಬಿಗಿದುಕೊಳ್ಳುತ್ತದೆ. ಹಸಿರು ಕಾಂಡದ ಮೇಲೆ ಕಟ್ಟಿದರೆ ಕೋಶ ಸಾಮಾನ್ಯವಾಗಿ ಹಸಿರು, ಒಣಕಡ್ಡಿಯ ಮೇಲಾದರೆ ಕಂದು. ಮುಂದೆ ಅದರಿಂದ ಹೊರಬರುವ ಹೆಣ್ಣು ಚಿಟ್ಟೆ ಯಾವ ರೂಪದಲ್ಲಿರುತ್ತದೆ ಎಂಬುದು ಇನ್ನೊಂದು ಕುತೂಹಲ. ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ, ಕೆಲವು ಕಾಮನ್ ರೋಸ್ ಚಿಟ್ಟೆಯನ್ನು, ಇನ್ನು ಕೆಲವು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತವೆ. ಈ ರೋಸ್ ಚಿಟ್ಟೆಗಳು ಮರಿಹುಳುವಾಗಿದ್ದಾಗ ಈಶ್ವರಿ ಬಳ್ಳಿಯನ್ನು ತಿಂದು ವಿಷವನ್ನು ಮೈಗೂಡಿಸಿಕೊಂಡಿರುವುದರಿಂದ ಹಕ್ಕಿಗಳು ಅವುಗಳ ಗೊಡವೆಗೆ ಹೋಗುವುದಿಲ್ಲ. ಮಾರ್ಮನ್ ಹೆಣ್ಣು ವಿಷವಿಲ್ಲದೆಯೇ ಆ ರಕ್ಷಣೆಯನ್ನು ಪಡೆಯುತ್ತದೆ. ಇಷ್ಟು ದೊಡ್ಡ ವೇಷಬದಲಾವಣೆ ನಡೆಯುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್‌ನ ಹಿಡಿತದಲ್ಲಿ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಗ್ಗರಣೆಗೆಂದು ನಾವು ಕಿತ್ತು ತರುವ ಗಿಡದ ಮೇಲೆ ಇಂತಹ ಸಂಗತಿ ನಡೆಯುತ್ತಿರುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ಬಟ್ಟೆ ಒಗೆಯುವ ಕಲ್ಲಿನಿಂದ ಬಾಳೆಯ ಬುಡಕ್ಕೆ ಹರಿಯುವ ನೀರಿನ ಜಾಡು ಹಿತ್ತಲಿನ ಇನ್ನೊಂದು ಮುಖ್ಯ ಸ್ಥಳ. ಸುತ್ತಲೂ ಒಣಗಿರುವಾಗ ಒದ್ದೆ ಮಣ್ಣು ಇರುವುದು ಅಲ್ಲಿ ಮಾತ್ರ. ಜೇನುಗಳು ನೀರಿಗಾಗಿ ಬರುತ್ತವೆ. ಆ ನೀರನ್ನು ಗೂಡಿನೊಳಗೆ ಹರಡಿ, ರೆಕ್ಕೆಯಿಂದ ಗಾಳಿ ಬೀಸಿ, ಎರಿಗಳನ್ನು ತಂಪಾಗಿಡುತ್ತವೆ. ಕುಂಬಾರ ಹುಳು ಮಾತ್ರ ಬರುವುದು ಮಣ್ಣಿಗೆ. ಸಪೂರ ಸೊಂಟದ ಈ ಕಣಜ ಬಾಯಿಯಿಂದ ಕೆಸರನ್ನು ಉಂಡೆ ಕಟ್ಟಿ, ಕಿಟಕಿಯ ಚೌಕಟ್ಟಿನ ಮೂಲೆಗೆ ಒಯ್ದು, ಕುತ್ತಿಗೆಯಿರುವ ಪುಟ್ಟ ಗಡಿಗೆಯೊಂದನ್ನು ಮಾಡುತ್ತದೆ. ಗಡಿಗೆಯ ಒಳಮೈಗೆ ಸಣ್ಣ ಎಳೆಯೊಂದರಿಂದ ತನ್ನ ಮೊಟ್ಟೆಯನ್ನು ತೂಗುಬಿಟ್ಟು, ಅನಂತರ ಗಿಡಗಳಲ್ಲಿ ಹುಡುಕಿ ತಂದ ಮರಿಹುಳುಗಳನ್ನು ಕುಟುಕಿ, ಸಾಯಿಸದೆ ನಿಶ್ಚಲಗೊಳಿಸಿ, ಒಳಗೆ ತುಂಬಿ, ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಕೆಡದ ಆಹಾರ ಸಿದ್ಧವಾಗಿರುತ್ತದೆ.

ಮನೆಯೊಳಗೆ ಕುಂಬಾರ ಹುಳು ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು, ಗೂಡನ್ನು ಕೆಡವಲು ಯಾರಿಗೂ ಬಿಡುತ್ತಿರಲಿಲ್ಲ. ಇದೇ ಹುಳುವನ್ನು ನೋಡುವಾಗಲೆಲ್ಲ ನನಗೆ ಭ್ರಮರಕೀಟ ನ್ಯಾಯ ನೆನಪಾಗುತ್ತದೆ. ಭಾಗವತದಲ್ಲಿಯೂ ಬರುವ ಆ ದೃಷ್ಟಾಂತದ ಪ್ರಕಾರ, ಗೋಡೆಯ ಗೂಡಿನಲ್ಲಿ ಸೆರೆಯಾದ ಕೀಟವು ಭಯದಿಂದ ತನ್ನನ್ನು ಹಿಡಿದುದನ್ನೇ ಧ್ಯಾನಿಸುತ್ತಾ ಕೊನೆಗೆ ಅದರ ರೂಪವನ್ನೇ ಪಡೆಯುತ್ತದೆ. ಇದನ್ನು ಕೇವಲ ಕಲ್ಪನೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಮರಿಹುಳು ಒಳಗೆ ಹೋದದ್ದು, ಗೂಡಿನ ಬಾಯಿ ಮುಚ್ಚಿದ್ದು, ದಿನಗಳ ನಂತರ ಗೋಡೆ ಕೊರೆದು ಕಣಜವೇ ಹೊರಬಂದದ್ದು, ಈ ಮೂರನ್ನೂ ತಾಳ್ಮೆಯಿಂದ ನೋಡಿದವರಾರೋ ಆ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅವರ ಕಣ್ಣಿಗೆ ಬೀಳದೆ ಹೋದದ್ದು ಗಡಿಗೆಯೊಳಗೆ ತೂಗುತ್ತಿದ್ದ ಮೊಟ್ಟೆಯೊಂದೇ. ಹಿತ್ತಲಿನ ಹುಳುವೊಂದನ್ನು ಅಷ್ಟು ಗಮನವಿಟ್ಟು ನೋಡಿದ ಆ ಪೂರ್ವಿಕರ ಬಗ್ಗೆ ನನಗೆ ತುಂಬ ಗೌರವವಿದೆ.

ಹಕ್ಕಿಗಳ ವಸಂತವೂ ನಿಂತಿರುವುದು ಈ ಹುಳುಗಳ ಮೇಲೆಯೇ. ಎಲೆಗಳನ್ನು ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ, ಜೇಡರಬಲೆಯ ಎಳೆಗಳಿಂದ ತೂಗುಗೂಡು ನೇಯುವ ಸೂರಕ್ಕಿ, ಇವೆರಡೂ ಮರಿಗಳಿಗೆ ಉಣಿಸುವುದು ಎಳೆ ಹುಳುಗಳನ್ನು, ಜೇಡಗಳನ್ನು. ಸೂರಕ್ಕಿ ಮಕರಂದ ಕುಡಿದು ಬದುಕುತ್ತದೆಂಬುದು ಅರ್ಧ ಸತ್ಯ. ಮರಿ ಬೆಳೆಯಲು ಮಕರಂದ ಸಾಲುವುದಿಲ್ಲ. ಇದೇ ಸಮಯದಲ್ಲಿ ಚಳಿಗಾಲವನ್ನು ಇಲ್ಲಿ ಕಳೆದ ಹಸಿರು ಉಲಿಯಕ್ಕಿಗಳು ಹಿಮಾಲಯ ಮತ್ತು ಅದರಾಚೆಯ ಕಾಡುಗಳಿಗೆ ಹೊರಡಲು ಸಿದ್ಧವಾಗುತ್ತವೆ. ಹೊಂಗೆಯ ಹೊಸ ಎಲೆಗಳ ನಡುವೆ ಇಡೀ ದಿನ ಚಡಪಡಿಸುತ್ತಾ ಚಿಕ್ಕ ಕೀಟಗಳನ್ನು ಹೆಕ್ಕುವ ಅವು ಏಪ್ರಿಲ್ ಕಳೆಯುವಷ್ಟರಲ್ಲಿ ಕಾಣೆಯಾಗುತ್ತವೆ. ಕೋಗಿಲೆಯ ಕೂಗನ್ನು ಎಲ್ಲರೂ ಗುರುತಿಸುತ್ತಾರೆ, ಈ ಪುಟ್ಟ ಹಕ್ಕಿಯ ನಿರ್ಗಮನವನ್ನು ಗುರುತಿಸುವವರು ಕಡಿಮೆ.

ಬೇಲಿಯ ಮೇಲಿನ ಓತಿಕ್ಯಾತನ ಬಗ್ಗೆಯೂ ಒಂದು ಮಾತು ಹೇಳಬೇಕು. ಸಂತಾನಕಾಲ ಬಂದಾಗ ಗಂಡು ಓತಿಕ್ಯಾತನ ತಲೆ ಮತ್ತು ಕತ್ತು ಕೆಂಪಾಗುತ್ತವೆ. ಎತ್ತರದ ಕಂಬವನ್ನೇರಿ ಗಂಟಲನ್ನು ಉಬ್ಬಿಸಿ, ಮುಂಗಾಲುಗಳ ಮೇಲೆ ಮೈಯನ್ನು ಏರಿಸಿ ಇಳಿಸಿ, ಇದು ತನ್ನ ಜಾಗವೆಂದು ಸಾರುತ್ತದೆ. ದೂರದಿಂದಲೇ ರಕ್ತ ಹೀರುತ್ತದೆ ಎಂಬ ಮಾತನ್ನು ನಂಬಿ ಮಕ್ಕಳು ಅದಕ್ಕೆ ಕಲ್ಲು ಹೊಡೆಯುವುದನ್ನು ಇಂದಿಗೂ ಕಾಣುತ್ತೇನೆ, ನೋವಾಗುತ್ತದೆ. ಅದು ಮನುಷ್ಯನ ತಂಟೆಗೆ ಬರುವ ಪ್ರಾಣಿಯಲ್ಲ. ಇರುವೆ, ಮಿಡತೆ, ಹುಳುಗಳೇ ಅದರ ಊಟ.

ಎಲೆ ತೂತಾಯಿತೆಂದು ಕೂಡಲೇ ಕೀಟನಾಶಕ ತರುವ ಪರಿಪಾಠ ನಮ್ಮ ಬಡಾವಣೆಯಲ್ಲಿ ಬೆಳೆಯುತ್ತಿದೆ. ಸಂತೆಯಲ್ಲಿ ಒಂದೇ ಒಂದು ಕಚ್ಚೂ ಇಲ್ಲದ ಕರಿಬೇವಿನ ಕಟ್ಟನ್ನು ಕಂಡಾಗ ಅದನ್ನು ಕೊಳ್ಳಲು ನನ್ನ ಕೈ ಹಿಂಜರಿಯುತ್ತದೆ. ಬಲಿತ ಕರಿಬೇವಿನ ಗಿಡಕ್ಕೆ ಕೆಲವು ಮರಿಹುಳುಗಳಿಂದ ಏನೂ ಆಗುವುದಿಲ್ಲ, ತಿಂದ ರೆಂಬೆ ಮತ್ತೆ ಚಿಗುರುತ್ತದೆ; ಉಳಿದವನ್ನು ಕುಂಬಾರ ಹುಳುವೂ ಟುವ್ವಿ ಹಕ್ಕಿಯೂ ನೋಡಿಕೊಳ್ಳುತ್ತವೆ. ಕಷ್ಟವಾಗುವುದು ಮೊಣಕಾಲೆತ್ತರದ ಸಸಿಗಳಿಗೆ ಮಾತ್ರ. ಭರಣಿ ಮಳೆಯ ಹೊತ್ತಿಗೆ ಚಿಗುರಿನ ಜೊತೆಗೆ ಹುಳುಗಳೂ ಹೆಚ್ಚುವುದರಿಂದ, ಅಂತಹ ಸಸಿಯಿದ್ದರೆ ಮರಿಹುಳುವನ್ನು ಕೈಯಿಂದ ಎಳೆಯದೆ, ಅದು ಕುಳಿತ ಎಲೆಯ ಸಮೇತ ಕತ್ತರಿಸಿ, ಹತ್ತಿರದ ದೊಡ್ಡ ಕರಿಬೇವಿಗೋ ನಿಂಬೆಗೋ ಬಿಲ್ವಕ್ಕೋ ಸಾಗಿಸಬಹುದು. ನಿಂಬೆ ಮತ್ತು ಬಿಲ್ವಗಳೂ ಅದೇ ಕುಟುಂಬದವಾದ್ದರಿಂದ ಹುಳು ಅಲ್ಲಿ ಊಟ ಮುಂದುವರಿಸಬಲ್ಲದು. ಆದರೆ ಅದನ್ನು ಬಲಿತ ಎಲೆಯ ಮೇಲೆ ಬಿಡದೆ ಚಿಗುರಿನ ಪಕ್ಕದಲ್ಲಿಯೇ ಬಿಡಬೇಕು, ಇರುವೆಗಳು ಸಾಲುಗಟ್ಟಿರುವ ರೆಂಬೆಯನ್ನು ತಪ್ಪಿಸಬೇಕು.